ವಿಮಾನದೊಳಗಿನ ಗಾಳಿಯ ಒತ್ತಡ: ಚಾರ್ಮಾಡಿ ಇಳಿದವರಿಗೊಂದು ಮಾರ್ಗದರ್ಶಿ

ಮುಂದಿನ ಸಲ ಮುಳ್ಳಯ್ಯನಗಿರಿಗೆ ಹೋದಾಗ ಒಂದು ಕೆಲಸ ಮಾಡಿ. ಮೇಲೆ ಗುಡಿಯ ಹತ್ತಿರ ನೀರು ಕುಡಿದು, ಖಾಲಿ ಪ್ಲಾಸ್ಟಿಕ್ ಬಾಟಲಿಯ ಮುಚ್ಚಳವನ್ನು ಅಲ್ಲೇ ಗಟ್ಟಿಯಾಗಿ ತಿರುಗಿಸಿ ಬ್ಯಾಗಿಗೆ ಹಾಕಿಕೊಳ್ಳಿ. ಚಿಕ್ಕಮಗಳೂರಿಗೆ ಇಳಿದ ಮೇಲೆ ತೆಗೆದು ನೋಡಿ. ಬಾಟಲಿಯ ಹೊಟ್ಟೆ ಒಳಗೆ ಹೋಗಿರುತ್ತದೆ. ಅದನ್ನು ಯಾರೂ ಹಿಸುಕಿಲ್ಲ. ಮೇಲಿನ ತೆಳು ಗಾಳಿ ಬಾಟಲಿಯೊಳಗೆ ಸಿಕ್ಕಿಕೊಂಡಿದೆ, ಊರಿನ ಗಟ್ಟಿ ಗಾಳಿ ಹೊರಗಿನಿಂದ ಒತ್ತಿದೆ. ಅಷ್ಟೇ.

ವಿಮಾನದಲ್ಲಿ ನಮ್ಮ ಕಿವಿಗೆ, ಹೊಟ್ಟೆಗೆ, ಬ್ಯಾಗಿನಲ್ಲಿರುವ ಉಪ್ಪಿನಕಾಯಿ ಡಬ್ಬಿಗೆ ಆಗುವುದೂ ಇದೇ.

ನಾನು ಇದನ್ನೆಲ್ಲ ಕೂತು ಓದಿ ತಿಳಿದುಕೊಂಡಿದ್ದು ಅಮ್ಮನಿಗಾಗಿ. ಅವರು 72ನೇ ವಯಸ್ಸಿನಲ್ಲಿ ಮೊದಲ ಸಲ ವಿಮಾನ ಹತ್ತುವುದಿತ್ತು. ತಂಗಿಯ ಮನೆಗೆ, ಮುಂಬೈಗೆ. ಹೊರಡುವ ಒಂದು ವಾರ ಮೊದಲೇ ಪ್ರಶ್ನೆ ಶುರುವಾಯಿತು. ಅಷ್ಟು ಎತ್ತರದಲ್ಲಿ ಉಸಿರು ಕಟ್ಟಲ್ವಾ? ಯಾರಾದ್ರೂ ಬಾಗಿಲು ತೆಗೆದುಬಿಟ್ರೆ? ಮೇಲಿಂದ ಮಾಸ್ಕ್ ಬೀಳುತ್ತಂತೆ, ಆಗ ನಾನೇನು ಮಾಡಬೇಕು? ಹತ್ತಾರು ಸಲ ವಿಮಾನದಲ್ಲಿ ಓಡಾಡಿದ್ದರೂ ನನ್ನ ಬಳಿ ಒಂದಕ್ಕೂ ಸರಿಯಾದ ಉತ್ತರ ಇರಲಿಲ್ಲ. ನಮ್ಮ ಕಡೆ ಈಗ ಬಹಳ ಮನೆಗಳಲ್ಲಿ ಮಕ್ಕಳು ದೂರದೂರಲ್ಲಿದ್ದಾರೆ, ವಯಸ್ಸಾದವರು ವಿಮಾನ ಹತ್ತುತ್ತಿದ್ದಾರೆ. ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು, ಒಳಗೆ ನಡೆಯುವುದು ಏನು

ದೊಡ್ಡ ಪ್ರಯಾಣಿಕ ವಿಮಾನಗಳು ಸಾಮಾನ್ಯವಾಗಿ 35,000 ಅಡಿಯ ಆಸುಪಾಸಿನಲ್ಲಿ ಹಾರುತ್ತವೆ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಕಾಲು ಭಾಗಕ್ಕಿಂತ ಕಡಿಮೆ. ಚಳಿ ಮೈನಸ್ 55 ಡಿಗ್ರಿಯ ಹತ್ತಿರ. ಅಲ್ಲಿನ ಗಾಳಿಯಲ್ಲಿ ಮನುಷ್ಯ ಬದುಕಲಾರ. ಹಾಗಾಗಿ ಹೊರಗಿನ ಗಾಳಿಯನ್ನು ಒತ್ತಿ ಒಳಗೆ ತುಂಬುತ್ತಾರೆ. ಹೆಚ್ಚಿನ ವಿಮಾನಗಳಲ್ಲಿ ಈ ಗಾಳಿ ಬರುವುದು ಎಂಜಿನ್ನಿನ ಕಂಪ್ರೆಸರ್‌ನಿಂದ. ಇಂಧನ ಸೇರುವ ಮೊದಲೇ ಅದನ್ನು ತೆಗೆದು, ತಣ್ಣಗೆ ಮಾಡಿ, ಕ್ಯಾಬಿನ್‌ಗೆ ಬಿಡುತ್ತಾರೆ. ಬೋಯಿಂಗ್ 787ರಲ್ಲಿ ಮಾತ್ರ ಈ ಕೆಲಸಕ್ಕೆ ಬೇರೆಯೇ ಕರೆಂಟಿನ ಕಂಪ್ರೆಸರ್‌ಗಳಿವೆ.

ನಮ್ಮ ತೋಟದ ಮನೆಯ ನೀರಿನ ತೊಟ್ಟಿ ನೆನಪಿಸಿಕೊಳ್ಳಿ. ಮೇಲಿನಿಂದ ಪೈಪಿನ ನೀರು ಸದಾ ಬೀಳುತ್ತಿರುತ್ತದೆ. ಕೆಳಗಿನ ವಾಲ್ವ್ ಜಾಸ್ತಿ ತೆಗೆದರೆ ಮಟ್ಟ ಇಳಿಯುತ್ತದೆ, ಕಡಿಮೆ ತೆಗೆದರೆ ಏರುತ್ತದೆ. ವಿಮಾನವೂ ಹಾಗೆಯೇ. ಎಂಜಿನ್ ಕಡೆಯಿಂದ ಗಾಳಿ ನಿಲ್ಲದೆ ಬರುತ್ತದೆ. ಹಿಂಭಾಗದಲ್ಲಿ ಒಳಗಿನ ಗಾಳಿಯನ್ನು ಹೊರಗೆ ಬಿಡುವ ವಾಲ್ವ್ ಇದೆ. ಕಂಪ್ಯೂಟರ್ ಅದನ್ನು ಸ್ವಲ್ಪ ತೆಗೆದು, ಸ್ವಲ್ಪ ಮುಚ್ಚಿ ಒಳಗಿನ ಒತ್ತಡವನ್ನು ಹದದಲ್ಲಿಡುತ್ತದೆ.

ಆ ಹದ ನಮ್ಮ ಊರಿನಷ್ಟು ಅಲ್ಲ. ಹಾಗೆ ಮಾಡಿದರೆ ವಿಮಾನದ ಮೈಮೇಲೆ ಬೀಳುವ ಒತ್ತಡ ಜಾಸ್ತಿಯಾಗುತ್ತದೆ. ಒಳಗಿನ ಗಾಳಿ 8,000 ಅಡಿ ಎತ್ತರದ ಬೆಟ್ಟದ ಮೇಲಿನ ಗಾಳಿಗಿಂತ ತೆಳುವಾಗಬಾರದು ಎಂಬುದು ನಿಯಮ. ಇದನ್ನು ಕ್ಯಾಬಿನ್ ಎತ್ತರ ಅನ್ನುತ್ತಾರೆ. ಬೋಯಿಂಗ್ 787, ಏರ್‌ಬಸ್ 350ಯಂಥ ಹೊಸ ವಿಮಾನಗಳಲ್ಲಿ ಇದು 6,000 ಅಡಿಯ ಹತ್ತಿರ ಇರುತ್ತದೆ. ಮುಳ್ಳಯ್ಯನಗಿರಿಯ ಎತ್ತರ 1930 ಮೀಟರ್, ಅಂದರೆ 6,330 ಅಡಿ. ಊಟಿಯ ದೊಡ್ಡಬೆಟ್ಟ 2637 ಮೀಟರ್, ಅಂದರೆ 8,650 ಅಡಿ. ಹಾಗಾದರೆ ಸೀಟಿನಲ್ಲಿ ಕೂತ ನೀವು ಎಷ್ಟು ಎತ್ತರದಲ್ಲಿದ್ದೀರಿ? ಹೆಚ್ಚುಕಡಿಮೆ ಮುಳ್ಳಯ್ಯನಗಿರಿಗೂ ದೊಡ್ಡಬೆಟ್ಟಕ್ಕೂ ನಡುವೆ. ಇದನ್ನು ಹೇಳಿದಾಗ ಅಮ್ಮನ ಮುಖ ಸಡಿಲವಾಯಿತು. ಮುಳ್ಳಯ್ಯನಗಿರಿ ಅವರು ನಡೆದು ಹತ್ತಿದ ಬೆಟ್ಟ.

ಬಾಗಿಲಿನ ಭಯಕ್ಕೂ ಉತ್ತರ ಇಲ್ಲೇ ಇದೆ. ಮೇಲೆ ಹಾರುವಾಗ ಒಳಗಿನ ಗಾಳಿ ಪ್ರತಿ ಚದರ ಮೀಟರ್‌ಗೆ ಐದೂವರೆ ಆರು ಟನ್ ತೂಕದಷ್ಟು ಬಲದಲ್ಲಿ ಹೊರಕ್ಕೆ ಒತ್ತುತ್ತಿರುತ್ತದೆ. ಬಹುತೇಕ ಬಾಗಿಲುಗಳು ತೆರೆಯುವಾಗ ಮೊದಲು ಒಳಕ್ಕೋ ಮೇಲಕ್ಕೋ ಸರಿಯಬೇಕು. ಅಷ್ಟು ಬಲದ ಎದುರು ಅದನ್ನು ಎಳೆಯಲು ಯಾವ ಮನುಷ್ಯನಿಂದಲೂ ಆಗುವುದಿಲ್ಲ. ಇನ್ನು ಕಿಟಕಿಯ ಕೆಳಗಡೆ ಕಾಣುವ ಸಣ್ಣ ತೂತು. ಅದನ್ನು ನೋಡಿ ಗಾಬರಿಯಾದವರು ಬಹಳ ಜನ. ಕಿಟಕಿಗೆ ಸಾಮಾನ್ಯವಾಗಿ ಮೂರು ಪದರ. ಒತ್ತಡ ತಡೆಯುವುದು ಹೊರಗಿನದು. ತೂತು ಇರುವುದು ನಡುವಿನ ಪದರದಲ್ಲಿ. ಎರಡೂ ಬದಿಯ ಒತ್ತಡ ಸಮ ಆಗಲಿ, ಗಾಜಿಗೆ ಮಂಜು ಕಟ್ಟದಿರಲಿ ಅಂತ ಬೇಕೆಂದೇ ಕೊರೆದದ್ದು. ಅದಕ್ಕೆ ಕಾಗದ ತುರುಕಬೇಡಿ.

ಟಿಕೆಟ್ ಮಾಡಿಸುವ ಮೊದಲೇ ಯೋಚಿಸಬೇಕಾದವರು

ಆರೋಗ್ಯವಂತರಿಗೆ 8,000 ಅಡಿಯ ಗಾಳಿ ತೊಂದರೆ ಕೊಡುವುದಿಲ್ಲ. ರಕ್ತದಲ್ಲಿನ ಆಮ್ಲಜನಕ ಸ್ವಲ್ಪ ಇಳಿಯುತ್ತದೆ, ಮೈ ಅದನ್ನು ಸರಿದೂಗಿಸಿಕೊಳ್ಳುತ್ತದೆ. ಆದರೆ ಶ್ವಾಸಕೋಶದ ಹಳೇ ಕಾಯಿಲೆ, ಹೃದಯದ ತೊಂದರೆ, ತೀರಾ ರಕ್ತಹೀನತೆ ಇದ್ದವರು ವೈದ್ಯರನ್ನು ಕೇಳದೆ ಹತ್ತಬಾರದು. ಒಂದು ಸುಲಭ ಅಂದಾಜು ಇದೆ. ಸಮತಟ್ಟಾದ ದಾರಿಯಲ್ಲಿ 50 ಮೀಟರ್ ನಡೆದರೆ ಏದುಸಿರು ಬರುತ್ತದೆಯೇ? ಬಂದರೆ ಮೊದಲು ವೈದ್ಯರ ಹತ್ತಿರ ಹೋಗಿ.

ಕೆಲವರ ಮೈಯೊಳಗೆ ಗಾಳಿ ಸಿಕ್ಕಿಕೊಂಡಿರುತ್ತದೆ. ಅವರ ವಿಷಯ ಇನ್ನೂ ಗಂಭೀರ. ಗಾಳಿ ಹಿಗ್ಗುತ್ತದೆ, ಹಿಗ್ಗಲು ಜಾಗ ಇರುವುದಿಲ್ಲ. ಕಣ್ಣಿನ ರೆಟಿನಾ ಆಪರೇಷನ್‌ನಲ್ಲಿ ಒಳಗೆ ಗ್ಯಾಸ್ ಗುಳ್ಳೆ ಬಿಟ್ಟಿದ್ದರೆ ಅದು ಪೂರ್ತಿ ಕರಗುವ ತನಕ ವಿಮಾನ ಬೇಡವೇ ಬೇಡ. ಕಣ್ಣೇ ಹೋಗಬಹುದು. ಘಾಟಿ ರಸ್ತೆಯ ವಿಷಯವನ್ನೂ ಆ ವೈದ್ಯರನ್ನು ಕೇಳಿಕೊಳ್ಳಿ. ಹಾಸನದಲ್ಲೋ ಮಂಗಳೂರಿನಲ್ಲೋ ಆಪರೇಷನ್ ಮಾಡಿಸಿಕೊಂಡು ಮನೆಗೆ ಬರುವ ನಮಗೆ ಇದು ವಿಮಾನದಷ್ಟೇ ಮುಖ್ಯ. ಶ್ವಾಸಕೋಶ ಕುಸಿದು ಎದೆಯಲ್ಲಿ ಗಾಳಿ ತುಂಬಿದ್ದವರು, ಇತ್ತೀಚೆಗೆ ಹೊಟ್ಟೆಯ ಆಪರೇಷನ್ ಆದವರು ವೈದ್ಯರ ಒಪ್ಪಿಗೆ ಪಡೆದೇ ಹೊರಡಬೇಕು. ಕೈಕಾಲು ಮುರಿದು ಎರಡು ದಿನದೊಳಗೆ ಪೂರ್ತಿ ಸುತ್ತಿದ ಪ್ಲಾಸ್ಟರ್ ಇದ್ದರೆ ಅದನ್ನು ಉದ್ದಕ್ಕೆ ಸೀಳಿಸಿಕೊಳ್ಳಬೇಕಾಗುತ್ತದೆ. ಮುರುಡೇಶ್ವರದ ಹತ್ತಿರ ನೇತ್ರಾಣಿಯಲ್ಲಿ ಸ್ಕೂಬಾ ಡೈವಿಂಗ್ ಮಾಡಿ ಬರುವ ಹುಡುಗರು ಕಡೆಯ ಡೈವ್ ಆಗಿ ಪೂರ್ತಿ ಒಂದು ದಿನ ಕಳೆದ ಮೇಲೆಯೇ ವಿಮಾನ ಹತ್ತಬೇಕು.

ಆಮ್ಲಜನಕ ಬೇಕಾದ ರೋಗಿಗಳಿಗೆ ಇನ್ನೊಂದು ಮಾತು. ತಲೆಯ ಮೇಲಿಂದ ಬೀಳುವ ಮಾಸ್ಕ್ ನಿಮಗಾಗಿ ಇಟ್ಟದ್ದಲ್ಲ, ಅದು ತುರ್ತಿಗೆ ಮಾತ್ರ. ಮನೆಯ ಸಿಲಿಂಡರ್ ಒಯ್ಯಲು ಬಿಡುವುದಿಲ್ಲ. ಬ್ಯಾಟರಿಯ ಸಣ್ಣ ಆಮ್ಲಜನಕ ಯಂತ್ರಕ್ಕೆ ಮೊದಲೇ ಒಪ್ಪಿಗೆ ಪಡೆಯಬೇಕು. ವಿಮಾನ ಕಂಪನಿಗೆ ಕೆಲವು ದಿನ ಮುಂಚೆ ತಿಳಿಸಿ, ವೈದ್ಯರ ಸಹಿಯ ಫಾರಂ ಕೊಡಿ.

ಹೊರಡುವ ಹಿಂದಿನ ದಿನ

ಶೀತ ಇದೆಯಾ? ಇದ್ದರೆ ಪ್ರಯಾಣ ಮುಂದೂಡಲು ಆಗುತ್ತದೆಯೇ ಅಂತ ನಿಜವಾಗಿಯೂ ಯೋಚಿಸಿ. ಕಿವಿಯ ಒಳಭಾಗದಿಂದ ಮೂಗಿನ ಹಿಂಭಾಗಕ್ಕೆ ಒಂದು ಸಣ್ಣ ಕೊಳವೆ ಇದೆ. ಕಿವಿಗೆ ಗಾಳಿ ಹೋಗಿ ಬರುವ ದಾರಿ ಅದೊಂದೇ. ಶೀತವಾದಾಗ ಅದು ಊದಿಕೊಂಡು ಮುಚ್ಚಿರುತ್ತದೆ. ನಾನು ಅಮ್ಮನ ಜೊತೆ ಹೊರಟ ದಿನ ನನಗೆ ಶೀತ ಇತ್ತು. ರಾತ್ರಿಯೆಲ್ಲ ಬಸ್ಸಿನಲ್ಲಿ ಬೆಂಗಳೂರಿಗೆ ಬಂದಿದ್ದೆವು, ಮೂಗು ಪೂರ್ತಿ ಕಟ್ಟಿತ್ತು. ಹೇಗೋ ಆಗುತ್ತದೆ ಅಂದುಕೊಂಡೆ. ಆಗಲಿಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಹೋಗಲೇಬೇಕು ಅಂದರೆ ಮೂಗು ಬಿಡಿಸುವ ಡ್ರಾಪ್ಸ್ ಸಹಾಯ ಮಾಡುತ್ತದೆ. ವಿಮಾನ ಇಳಿಯಲು ಶುರು ಮಾಡುವ ಅರ್ಧ ಗಂಟೆ ಮೊದಲು ಹಾಕಿಕೊಳ್ಳಬೇಕು. ಬಿಪಿ ಇದ್ದವರು, ಗರ್ಭಿಣಿಯರು, ಮಕ್ಕಳಿಗೆ ಹಾಕುವವರು ವೈದ್ಯರನ್ನು ಕೇಳಿಯೇ ಹಾಕಬೇಕು. ಸೈನಸ್ ತೊಂದರೆ ಇದ್ದವರಿಗೆ ಹಣೆ, ಕೆನ್ನೆಯಲ್ಲಿ ಚುಚ್ಚುವ ನೋವು ಬರಬಹುದು. ಹುಳುಕು ಹಲ್ಲಿನೊಳಗೆ ಗಾಳಿ ಸಿಕ್ಕಿದ್ದರೆ ಹಲ್ಲೂ ನೋಯುತ್ತದೆ. ಅದನ್ನು ಮೊದಲೇ ತುಂಬಿಸಿಕೊಳ್ಳಿ.

ಆ ದಿನ ಅವರೆಕಾಳು ಸಾರು, ಸೋಡಾ ಬೇಡ. ಬೆಂಗಳೂರಿನಿಂದ ಹೊರಟರೂ ಹೊಟ್ಟೆಯ ಗ್ಯಾಸ್ ಮೇಲೆ ಹೋದಾಗ ಸುಮಾರು ಐದನೇ ಒಂದು ಭಾಗದಷ್ಟು ಹಿಗ್ಗುತ್ತದೆ. ವಯಸ್ಸಾದವರಿಗೆ ಅದು ಎದೆಯುರಿ, ಉಸಿರಿನ ಕಷ್ಟದಂತೆ ಅನಿಸಿ ಹೆದರಿಕೆ ಹುಟ್ಟಿಸುತ್ತದೆ.

ಬ್ಯಾಗು ಕಟ್ಟುವಾಗಲೂ ಒತ್ತಡವನ್ನು ನೆನಪಿಡಿ. ಉಪ್ಪಿನಕಾಯಿ, ಜೇನುತುಪ್ಪದ ಬಾಟಲಿ ಕಂಠದವರೆಗೆ ತುಂಬಿ ಮುಚ್ಚಿದ್ದರೆ ಒಳಗಿನ ಚೂರು ಗಾಳಿಯೇ ಎಣ್ಣೆಯನ್ನು ಹೊರಗೆ ತಳ್ಳುತ್ತದೆ. ಮುಚ್ಚಳದ ಕೆಳಗೆ ಪ್ಲಾಸ್ಟಿಕ್ ಹಾಳೆ ಕೊಟ್ಟು ಬಿಗಿ ಮಾಡಿ, ಕವರಿನೊಳಗೆ ನಿಲ್ಲಿಸಿ ಇಡಿ. ನಮ್ಮಲ್ಲಿ ಯಾರೇ ಹೊರಟರೂ ಕಾಫಿಪುಡಿ ಇಲ್ಲದೆ ಹೊರಡುವುದಿಲ್ಲ, ಅಲ್ವಾ? ಹೊಸದಾಗಿ ಹುರಿದ ಕಾಫಿ ತಾನೇ ಇಂಗಾಲದ ಡೈಆಕ್ಸೈಡ್ ಬಿಡುತ್ತಿರುತ್ತದೆ. ಅದರ ಜೊತೆ ಎತ್ತರವೂ ಸೇರಿದರೆ ಪೊಟ್ಟಣ ದಿಂಬಿನಂತೆ ಉಬ್ಬಿ ಹೊಲಿಗೆ ಬಿಡುತ್ತದೆ. ಸಣ್ಣ ವಾಲ್ವ್ ಇರುವ ಪ್ಯಾಕೆಟ್ ತೆಗೆದುಕೊಳ್ಳಿ. ಇಲ್ಲವಾದರೆ ಪುಡಿ ಮಾಡಿಸಿ ಎರಡು ದಿನ ಬಿಟ್ಟು, ಒಳಗಿನ ಗಾಳಿ ಒತ್ತಿ ತೆಗೆದು ಕಟ್ಟಿ.

ವಿಮಾನ ಏರುವಾಗ

ಸೀಟಿನಲ್ಲಿ ಕೂತ ಕೂಡಲೇ ಮಾಡಬೇಕಾದದ್ದು ಒಂದೇ. ಸಿಬ್ಬಂದಿ ಮಾಸ್ಕ್ ತೋರಿಸುವಾಗ ಫೋನ್ ಕೆಳಗಿಡಿ. ಅವರ ಕೈಯನ್ನೇ ನೋಡಿ. ಅದು ಒಂದು ನಿಮಿಷವೂ ಹಿಡಿಯುವುದಿಲ್ಲ.

ಏರುವಾಗ ಕಿವಿಗೆ ಕಷ್ಟ ಕಡಿಮೆ. ಒಳಗಿನ ಗಾಳಿ ಹಿಗ್ಗಿ ಆ ಕೊಳವೆಯನ್ನು ತಾನೇ ತಳ್ಳಿಕೊಂಡು ಹೊರಗೆ ಬರುತ್ತದೆ. ಟಪ್ ಟಪ್ ಅಂತ ಬಿಟ್ಟುಕೊಳ್ಳುವುದು ಒಳ್ಳೆಯ ಲಕ್ಷಣ.

ಕೆಲವು ಫೋನುಗಳಲ್ಲಿ ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರ್ ಇರುತ್ತದೆ. ಅದು ಫ್ಲೈಟ್ ಮೋಡ್‌ನಲ್ಲೂ ಕೆಲಸ ಮಾಡುತ್ತದೆ. ಚಿಕ್ಕಮಗಳೂರಿನಲ್ಲಿ ಅದು 900 ಹೆಕ್ಟೊಪ್ಯಾಸ್ಕಲ್ ಆಸುಪಾಸು ತೋರಿಸುತ್ತದೆ, ಮುಳ್ಳಯ್ಯನಗಿರಿಯ ಮೇಲೆ 800ರ ಹತ್ತಿರ. ವಿಮಾನ ಮೇಲೆ ನಿಂತ ಮೇಲೆ 750ಕ್ಕೂ 815ಕ್ಕೂ ನಡುವೆ ಇದ್ದರೆ ಎಲ್ಲ ಸರಿ ಇದೆ ಅಂತ ಅರ್ಥ. ಅಮ್ಮನಿಗೆ ಅದನ್ನು ತೋರಿಸುತ್ತಾ ಕೂತಿದ್ದೆ. ಅಂಕಿ ನಿಂತಿದ್ದು ನೋಡಿ ಅವರಿಗೆ ಧೈರ್ಯ ಬಂತು. ಭಯ ಇರುವವರಿಗೆ ಹೀಗೆ ನೋಡಲು ಏನಾದರೂ ಇದ್ದರೆ ಒಳ್ಳೆಯದು.

ಬಾಗಿಲಿನ ಪಕ್ಕ ಸಣ್ಣಗೆ ಸುಂಯ್ ಅನ್ನುವ ಸದ್ದು ಕೇಳಿದರೆ? ಹೆಚ್ಚಾಗಿ ಅದು ಬಾಗಿಲಿನ ರಬ್ಬರ್ ಸೀಲ್‌ನದು. ತೊಟ್ಟಿಗೆ ಸಣ್ಣ ಸೋರಿಕೆ ಇದ್ದರೂ ಪೈಪಿನ ನೀರು ಅದನ್ನು ಮೀರಿ ತುಂಬುತ್ತದೆ ಅಲ್ವಾ, ಹಾಗೆ. ಆದರೂ ಸಿಬ್ಬಂದಿಗೆ ಹೇಳಿ. ಹೇಳುವುದರಿಂದ ನಷ್ಟವಿಲ್ಲ.

ಇಳಿಯುವಾಗ ಕಿವಿ

ಬಹಳ ಜನರಿಗೆ ಒತ್ತಡದ ತೊಂದರೆ ಅಂದರೆ ಇದೇ. ಇಳಿಯುವಾಗ ಹೊರಗಿನ ಗಾಳಿ ಗಟ್ಟಿಯಾಗುತ್ತಾ ಹೋಗುತ್ತದೆ. ಕಿವಿಯೊಳಗೆ ಮಾತ್ರ ಬೆಟ್ಟದ ತೆಳು ಗಾಳಿಯೇ ಇರುತ್ತದೆ. ಕೊಳವೆ ಒಳಮುಖವಾಗಿ ತಾನೇ ತೆರೆಯುವುದಿಲ್ಲ, ನಾವೇ ತೆರೆಸಬೇಕು. ಇಲ್ಲದಿದ್ದರೆ ಕಿವಿಯ ತಮಟೆ ಆ ಬಾಟಲಿಯ ಹೊಟ್ಟೆಯಂತೆ ಒಳಕ್ಕೆ ಎಳೆದುಕೊಳ್ಳುತ್ತದೆ.

ಚಾರ್ಮಾಡಿ ಘಾಟಿಯಲ್ಲಿ ಕೊಟ್ಟಿಗೆಹಾರದಿಂದ ಉಜಿರೆಗೆ ಇಳಿದರೆ ಎತ್ತರದಲ್ಲಿ ಸುಮಾರು 800 ಮೀಟರ್ ಕಡಿಮೆಯಾಗುತ್ತದೆ. ಅದಕ್ಕೆ ಮುಕ್ಕಾಲು ಗಂಟೆಗಿಂತ ಜಾಸ್ತಿ ಹಿಡಿಯುತ್ತದೆ, ಅಷ್ಟರಲ್ಲೇ ಎರಡು ಮೂರು ಸಲ ಕಿವಿ ಮುಚ್ಚಿ ಬಿಡುತ್ತದೆ. ಕ್ಯಾಬಿನ್ ಎತ್ತರ 8,000 ಅಡಿ ಇದ್ದು ಮುಂಬೈಯಲ್ಲಿ ಇಳಿದರೆ ನಿಮ್ಮ ಕಿವಿ ಮೂರು ಚಾರ್ಮಾಡಿ ಇಳಿದ ಹಾಗೆ. ಅದೂ 20–25 ನಿಮಿಷದಲ್ಲಿ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣವೇ ಸುಮಾರು 3,000 ಅಡಿ ಎತ್ತರದಲ್ಲಿರುವುದರಿಂದ ಅಲ್ಲಿಗೆ ಇಳಿಯುವಾಗ ಎರಡು ಚಾರ್ಮಾಡಿಯೂ ಆಗುವುದಿಲ್ಲ. ಬೆಂಗಳೂರಿಗೆ ಬರುವಾಗ ಏನೂ ಆಗದ ಕಿವಿ ಮುಂಬೈ, ಚೆನ್ನೈ, ಕೊಚ್ಚಿಯಲ್ಲಿ ಯಾಕೆ ನೋಯುತ್ತದೆ ಎಂಬುದಕ್ಕೆ ಇದೇ ಕಾರಣ.

ಹಾಗಾಗಿ ಬೆಲ್ಟ್ ದೀಪ ಹತ್ತುವ ತನಕ ಕಾಯಬೇಡಿ. ಎಂಜಿನ್ ಸದ್ದು ಇದ್ದಕ್ಕಿದ್ದಂತೆ ಕಡಿಮೆಯಾಗಿ ಮೂತಿ ಸ್ವಲ್ಪ ತಗ್ಗಿತು ಅನ್ನಿಸಿದ ಕೂಡಲೇ ಶುರು ಮಾಡಿ. ಒಂದೆರಡು ನಿಮಿಷಕ್ಕೊಮ್ಮೆ ಎಂಜಲು ನುಂಗಿ, ಬಾಯಿ ಅಗಲಿಸಿ ಆಕಳಿಸಿ. ಒಂದು ಪೆಪ್ಪರಮಿಂಟ್ ಬಾಯಲ್ಲಿದ್ದರೆ ನುಂಗುವುದು ತಾನಾಗಿಯೇ ಆಗುತ್ತದೆ. ಅದು ಸಾಲದಿದ್ದರೆ ಮೂಗನ್ನು ಬೆರಳಿನಿಂದ ಹಿಡಿದು ನುಂಗಿ. ಅದೂ ಸಾಲದಿದ್ದರೆ ಬಾಯಿ ಮುಚ್ಚಿ, ಮೂಗು ಹಿಡಿದು, ಮೆಲ್ಲಗೆ ಮೂಗಿನೊಳಗೆ ಊದಿ. ಮೆಲ್ಲಗೆ, ಮಗುವಿನ ಮುಖದ ಮೇಲೆ ಊದುವಷ್ಟು ಮಾತ್ರ. ಜೋರಾಗಿ ಊದಿದರೆ ಒಳಕಿವಿಗೆ ಪೆಟ್ಟಾಗಬಹುದು. ಕಿವಿ ಪೂರ್ತಿ ಬಿಗಿದ ಮೇಲೆ ಏನು ಮಾಡಿದರೂ ಆ ಕೊಳವೆ ತೆರೆಯುವುದು ಕಷ್ಟ. ಮೊದಲೇ, ಪದೇ ಪದೇ ಮಾಡುವುದೇ ಗುಟ್ಟು.

ನಿದ್ದೆ ಮಾಡುವವರು ನುಂಗುವುದು ಕಡಿಮೆ. ಪಕ್ಕದಲ್ಲಿ ಹಿರಿಯರು ಮಲಗಿದ್ದರೆ ಇಳಿಯಲು ಶುರುವಾದಾಗ ಎಬ್ಬಿಸಿ. ಕೂಸು ಇದ್ದರೆ ಎಬ್ಬಿಸಿ ಹಾಲು ಕೊಡಿ. ಹಾಲು ಚೀಪಿ ನುಂಗುವುದೇ ಅದರ ಕಿವಿಗೆ ಔಷಧಿ. ಮಗು ಅತ್ತರೂ ಕಿವಿ ಬಿಡುತ್ತದೆ, ಬೇರೆಯವರಿಗೆ ತೊಂದರೆ ಅಂತ ಮುಜುಗರಪಡಬೇಡಿ.

ಅಮ್ಮ ಇದನ್ನೆಲ್ಲ ಹೇಳಿದ ಹಾಗೆ ಮಾಡಿದರು. ಇಳಿದ ಮೇಲೆ ಅಂದಿದ್ದು ಇಷ್ಟೇ: "ಚಾರ್ಮಾಡಿ ಇಳಿದ ಹಾಗಾಯ್ತು." ನಾನು ಮಾತ್ರ ಎಡಗಿವಿಯೊಳಗೆ ಸೂಜಿ ಆಡಿಸಿದಂಥ ನೋವಿನಲ್ಲಿ ಕಣ್ಣು ಮುಚ್ಚಿ ಕೂತಿದ್ದೆ. ಎಷ್ಟು ನುಂಗಿದರೂ ಬಿಡಲಿಲ್ಲ. ನೆಲ ಮುಟ್ಟಿದ ಮೇಲೂ ಆ ಕಿವಿಗೆ ಎಲ್ಲ ಸದ್ದೂ ನೀರಿನೊಳಗಿಂದ ಕೇಳಿದ ಹಾಗೆ ಕೇಳುತ್ತಿತ್ತು.

ಮಾಸ್ಕ್ ಬಿದ್ದರೆ

ಬಹುಪಾಲು ಜನರಿಗೆ ಬದುಕಿಡೀ ಇದು ಎದುರಾಗುವುದಿಲ್ಲ. ಆದರೂ ಈ ಭಾಗವನ್ನು ಎರಡು ಸಲ ಓದಿ.

ಕ್ಯಾಬಿನ್ ಎತ್ತರ 10,000 ಅಡಿ ದಾಟಿದರೆ ಪೈಲಟ್‌ಗಳಿಗೆ ಎಚ್ಚರಿಕೆ ಹೊಡೆಯುತ್ತದೆ. 14,000 ಅಡಿಯ ಹತ್ತಿರ ಹೋದರೆ ಪ್ರಯಾಣಿಕರ ಮಾಸ್ಕ್ ತಾನಾಗಿ ಬೀಳುತ್ತದೆ. ಇದು ಎರಡು ರೀತಿ ಆಗಬಹುದು. ಒಂದು ನಿಧಾನವಾಗಿ: ಎಂಜಿನ್ನಿನಿಂದ ಗಾಳಿ ಬರುತ್ತಿಲ್ಲ, ಇಲ್ಲವೇ ಗಾಳಿ ಹೊರಗೆ ಬಿಡುವ ವಾಲ್ವ್ ತೆರೆದೇ ಉಳಿದಿದೆ. 2018ರ ಸೆಪ್ಟೆಂಬರ್ 20ರಂದು ಮುಂಬೈನಿಂದ ಜೈಪುರಕ್ಕೆ ಹೊರಟ ಜೆಟ್ ಏರ್‌ವೇಸ್ ವಿಮಾನದಲ್ಲಿ ಆಗಿದ್ದು ಇದೇ. ಕ್ಯಾಬಿನ್‌ಗೆ ಗಾಳಿ ಬಿಡುವ ಸ್ವಿಚ್ ಹಾಕಿರಲಿಲ್ಲ. 166 ಪ್ರಯಾಣಿಕರಲ್ಲಿ ಸುಮಾರು 30 ಜನರಿಗೆ ಕಿವಿ, ಮೂಗಿನಲ್ಲಿ ರಕ್ತ ಬಂತು. ವಿಮಾನ ಮುಂಬೈಗೆ ವಾಪಸ್ ಬಂದಿತು. ಏರುವ ಹೊತ್ತಿನಲ್ಲೇ ಹಲವರ ಕಿವಿಗೆ ಒಟ್ಟಿಗೆ ನೋವು ಶುರುವಾದರೆ, ಅದು ಸಹಜವಲ್ಲ. ಗಂಟೆ ಒತ್ತಿ ಸಿಬ್ಬಂದಿಗೆ ಹೇಳಿ.

ಇನ್ನೊಂದು ರೀತಿ, ಇದ್ದಕ್ಕಿದ್ದಂತೆ. 2024ರ ಜನವರಿ 5ರಂದು ಅಮೆರಿಕದ ಪೋರ್ಟ್‌ಲ್ಯಾಂಡ್‌ನಿಂದ ಹೊರಟ ಅಲಾಸ್ಕಾ ಏರ್‌ಲೈನ್ಸ್ ವಿಮಾನದ ಪಕ್ಕೆಯಲ್ಲಿ, ಬಾಗಿಲಿನ ಜಾಗ ಮುಚ್ಚಲು ಕೂರಿಸಿದ್ದ ಫಲಕ 16,000 ಅಡಿಯ ಹತ್ತಿರ ಕಿತ್ತುಹೋಯಿತು. ಒಳಗಿದ್ದ 177 ಜನರೂ ಬದುಕಿದರು. 1988ರಲ್ಲಿ ಹವಾಯಿಯ ಅಲೋಹಾ ಏರ್‌ಲೈನ್ಸ್ ವಿಮಾನದ ಮುಂಭಾಗದ ಮಾಡೇ 24,000 ಅಡಿಯಲ್ಲಿ ಹಾರಿಹೋಯಿತು. ನಿಂತಿದ್ದ ಒಬ್ಬ ಗಗನಸಖಿ ಹೊರಗೆ ಎಳೆದುಕೊಂಡು ಹೋಗಿ ತೀರಿಕೊಂಡರು. ಬೆಲ್ಟ್ ಹಾಕಿ ಕೂತಿದ್ದ ಪ್ರಯಾಣಿಕರೆಲ್ಲ ಬದುಕಿ ನೆಲಕ್ಕೆ ಬಂದರು. ಬೆಲ್ಟ್ ದೀಪ ಆರಿದ ಮೇಲೂ ಬೆಲ್ಟನ್ನು ಸಡಿಲವಾಗಿಯಾದರೂ ಹಾಕಿಕೊಂಡೇ ಕೂತಿರಿ ಅಂತ ಹೇಳುವುದು ಇದಕ್ಕೇ.

ಇದ್ದಕ್ಕಿದ್ದಂತೆ ಆದಾಗ ಢಬ್ ಅಂತ ಸದ್ದು, ಜೋರು ಗಾಳಿ, ತಡೆಯಲಾರದ ಚಳಿ. ಕ್ಯಾಬಿನ್ ತುಂಬಾ ಮಂಜು ತುಂಬುತ್ತದೆ. ಜೂನ್ ತಿಂಗಳ ಮುಳ್ಳಯ್ಯನಗಿರಿಯ ಹಾಗೆ. ಅದು ಹೊಗೆಯಲ್ಲ. ಒಳಗಿನ ತೇವ ಒಮ್ಮೆಲೇ ತಣ್ಣಗಾಗಿ ಹನಿಯಾಗಿದ್ದು. ಉಸಿರು ಬಿಗಿ ಹಿಡಿಯಬೇಡಿ, ಎದೆಯ ಗಾಳಿ ಹೊರಗೆ ಹೋಗಲು ಬಿಡಿ.

ಮಾಸ್ಕ್ ಕಂಡ ಕೂಡಲೇ ಜೋರಾಗಿ ಕೆಳಕ್ಕೆ ಎಳೆಯಿರಿ. ಎಳೆದರೆ ಮಾತ್ರ ಆಮ್ಲಜನಕ ಶುರುವಾಗುತ್ತದೆ. ಮೂಗು, ಬಾಯಿ ಎರಡೂ ಮುಚ್ಚುವ ಹಾಗೆ ಒತ್ತಿ, ಎಲಾಸ್ಟಿಕ್ ತಲೆಯ ಹಿಂದೆ ಹಾಕಿ. 2018ರ ಏಪ್ರಿಲ್‌ನಲ್ಲಿ ಅಮೆರಿಕದ ಸೌತ್‌ವೆಸ್ಟ್ ವಿಮಾನವೊಂದರ ಕಿಟಕಿ ಒಡೆದಾಗ ಒಳಗೆ ತೆಗೆದ ಫೋಟೊದಲ್ಲಿ ಹಲವರು ಮಾಸ್ಕನ್ನು ಬಾಯಿಗೆ ಮಾತ್ರ ಹಿಡಿದು ಮೂಗು ಹೊರಗೆ ಬಿಟ್ಟಿದ್ದರು. ಗಾಬರಿಯಲ್ಲಿ ಯಾರಿಗಾದರೂ ಹಾಗಾಗುತ್ತದೆ. ಆಮೇಲೆ ಸಾಮಾನ್ಯವಾಗಿ ಉಸಿರಾಡಿ. ಮಾಸ್ಕಿಗೆ ಅಂಟಿದ ಚೀಲ ಉಬ್ಬದಿದ್ದರೂ ಆಮ್ಲಜನಕ ಬರುತ್ತಿರುತ್ತದೆ. ಸುಟ್ಟ ವಾಸನೆ ಬರಬಹುದು. ಬಹಳ ವಿಮಾನಗಳಲ್ಲಿ ಮೇಲಿನ ಡಬ್ಬಿಯೊಳಗೆ ಸೋಡಿಯಂ ಕ್ಲೋರೇಟ್ ಎಂಬ ರಾಸಾಯನಿಕ ಬಿಸಿಯಾಗಿ ಆಮ್ಲಜನಕ ಬಿಡುತ್ತದೆ. ವಾಸನೆ ಅದರದ್ದು, ಬೆಂಕಿಯದ್ದಲ್ಲ.

ಮೊದಲು ನಿಮಗೆ. ಆಮೇಲೆ ಮಗುವಿಗೆ, ತಾಯಿಗೆ.

ನಮಗೆ ಇದು ಒಗ್ಗುವುದೇ ಇಲ್ಲ. ಮಕ್ಕಳಿಗೆ ಬಡಿಸಿ ಆಮೇಲೆ ಉಣ್ಣುವ ಮನೆಗಳಲ್ಲಿ ಬೆಳೆದವರು ನಾವು. ಅಮ್ಮನೂ ಒಪ್ಪಲಿಲ್ಲ. "ಮೊಮ್ಮಗು ಪಕ್ಕದಲ್ಲಿದ್ರೆ ನಾನು ಮೊದಲು ಹಾಕ್ಕೊಳ್ಳೋದಾ?" ಅಂದರು. ನಾನು ಹೇಳಿದ ಲೆಕ್ಕ ಇದು. 35,000 ಅಡಿಯಲ್ಲಿ ಆಮ್ಲಜನಕ ಇಲ್ಲದೆ ಕೈ, ತಲೆ ಸರಿಯಾಗಿ ಓಡುವುದು 30ರಿಂದ 60 ಸೆಕೆಂಡ್ ಮಾತ್ರ. ಒತ್ತಡ ಒಮ್ಮೆಲೇ ಹೋದರೆ ಅದರ ಅರ್ಧ. ಹೆದರಿದ ಮಗು ಕೊಸರಾಡುತ್ತದೆ, ಎಲಾಸ್ಟಿಕ್ ಸಿಕ್ಕಿಕೊಳ್ಳುತ್ತದೆ, ಅಷ್ಟರಲ್ಲಿ ನಿಮ್ಮ ಕೈ ಸೋತುಹೋಗುತ್ತದೆ. ಆಮೇಲೆ ಇಬ್ಬರಿಗೂ ಯಾರೂ ಇಲ್ಲ. ನಿಮಗೆ ಹಾಕಿಕೊಳ್ಳಲು ಐದು ಸೆಕೆಂಡ್ ಸಾಕು. ಮಗುವಿಗೆ ಒಂದು ಕ್ಷಣ ಎಚ್ಚರ ತಪ್ಪಿದರೂ ಮಾಸ್ಕ್ ಹಾಕಿದ ಕೂಡಲೇ ಚೇತರಿಸಿಕೊಳ್ಳುತ್ತದೆ. ಎಚ್ಚರ ತಪ್ಪಿದ ತಾಯಿಗೆ ಮಗು ಮಾಸ್ಕ್ ಹಾಕಲಾರದು.

ಆಮ್ಲಜನಕ ಕಡಿಮೆಯಾಗುವುದು ಉಸಿರು ಕಟ್ಟಿದ ಹಾಗೆ ಅನಿಸುವುದೂ ಇಲ್ಲ. ಹಲವರಿಗೆ ಹಾಯಾಗಿರುತ್ತದೆ, ನಗು ಬರುತ್ತದೆ, ಏನೂ ಆಗಿಲ್ಲ ಅನಿಸುತ್ತದೆ. ಉಗುರು, ತುಟಿ ನೀಲಿಯಾಗುತ್ತಿದ್ದರೂ ಗೊತ್ತಾಗುವುದಿಲ್ಲ. 2005ರ ಆಗಸ್ಟ್ 14ರಂದು ಸೈಪ್ರಸ್‌ನಿಂದ ಹೊರಟ ಹೀಲಿಯೊಸ್ ಏರ್‌ವೇಸ್ ವಿಮಾನದಲ್ಲಿ ಒತ್ತಡದ ಸ್ವಿಚ್, ರಿಪೇರಿಯವರು ಪರೀಕ್ಷೆ ಮಾಡಿದ ಮೇಲೆ, ತಾನಾಗಿ ನಡೆಯುವ ಬದಲು ಕೈಯಿಂದ ನಡೆಸುವ ಜಾಗದಲ್ಲೇ ಉಳಿದಿತ್ತು. ಎಚ್ಚರಿಕೆಯ ಸದ್ದು ಬಂತು. ಪೈಲಟ್‌ಗಳು ಅದನ್ನು ಬೇರೆ ಯಾವುದೋ ಸದ್ದು ಅಂದುಕೊಂಡರು. ತಮಗೇ ಆಮ್ಲಜನಕ ಕಡಿಮೆಯಾಗುತ್ತಿದೆ ಅಂತ ತಿಳಿಯುವ ಮೊದಲೇ ಎಚ್ಚರ ತಪ್ಪಿದರು. ವಿಮಾನ ಆಟೊಪೈಲಟ್‌ನಲ್ಲಿ ಹಾರುತ್ತಲೇ ಇದ್ದು, ಇಂಧನ ಮುಗಿದು ಅಥೆನ್ಸ್ ಹತ್ತಿರದ ಗುಡ್ಡಕ್ಕೆ ಬಿತ್ತು. 121 ಜನ ಹೋದರು. ತರಬೇತಿ ಪಡೆದ ಪೈಲಟ್‌ಗಳಿಗೇ ತಿಳಿಯಲಿಲ್ಲ ಅಂದ ಮೇಲೆ, "ನನಗೆ ಉಸಿರು ಚೆನ್ನಾಗೇ ಇದೆ, ಆಮೇಲೆ ಹಾಕಿಕೊಳ್ಳುತ್ತೇನೆ" ಅನ್ನುವ ಮಾತಿಗೆ ಬೆಲೆ ಇಲ್ಲ.

ಶೌಚಾಲಯದಲ್ಲಿದ್ದರೆ ಅಲ್ಲೂ ಮಾಸ್ಕ್ ಬೀಳುತ್ತದೆ, ಅದನ್ನೇ ಹಾಕಿಕೊಳ್ಳಿ. ನಡುದಾರಿಯಲ್ಲಿದ್ದರೆ ನಿಮ್ಮ ಸೀಟಿಗೆ ಓಡಬೇಡಿ. ಹತ್ತಿರದ ಸಾಲಿನಲ್ಲಿ ಕೂತು, ಸಿಕ್ಕ ಮಾಸ್ಕ್ ಎಳೆಯಿರಿ. ತೊಡೆಯ ಮೇಲಿನ ಕೂಸಿಗಾಗಿ ಸೀಟುಗಳ ಲೆಕ್ಕಕ್ಕಿಂತ ಒಂದು ಹೆಚ್ಚಿನ ಮಾಸ್ಕ್ ಇರುತ್ತದೆ.

ಇಷ್ಟರಲ್ಲಿ ವಿಮಾನ ಮೂತಿ ತಗ್ಗಿಸಿ ವೇಗವಾಗಿ ಇಳಿಯುತ್ತದೆ. ರೆಕ್ಕೆಯ ಮೇಲಿನ ಹಲಗೆಗಳು ಎದ್ದು ಮೈಯೆಲ್ಲ ಅದುರುತ್ತದೆ. ಬೀಳುತ್ತಿದ್ದೇವೆ ಅನಿಸುತ್ತದೆ. ಬೀಳುತ್ತಿಲ್ಲ. ಪೈಲಟ್ ಬೇಕೆಂದೇ 10,000 ಅಡಿಗೆ ಇಳಿಸುತ್ತಿದ್ದಾರೆ. ಅಲ್ಲಿ ಮಾಸ್ಕ್ ಇಲ್ಲದೆ ಉಸಿರಾಡಬಹುದು. ಅದಕ್ಕೆ ಐದಾರು ನಿಮಿಷ ಸಾಕು, ನಿಮ್ಮ ಮಾಸ್ಕ್ ಕನಿಷ್ಠ 12 ನಿಮಿಷ ನಡೆಯುತ್ತದೆ. ಸಿಬ್ಬಂದಿ ಹೇಳುವ ತನಕ ತೆಗೆಯಬೇಡಿ. ಇಳಿಯುವಾಗ ನುಂಗುತ್ತಾ ಇರಿ, ಕಿವಿ ಮರೆಯಬೇಡಿ. ಮಾಸ್ಕ್ ಬಿದ್ದೂ ವಿಮಾನ ಕೆಲವು ನಿಮಿಷ ಇಳಿಯದೇ ಇದ್ದರೆ, ಮಾಸ್ಕ್ ಹಾಕಿಕೊಂಡೇ ಸಿಬ್ಬಂದಿಯನ್ನು ಕೂಗಿ ಹೇಳಿ.

ನೆಲಕ್ಕೆ ಬಂದ ಮೇಲೆ

ಕಿವಿ ಸ್ವಲ್ಪ ಹೊತ್ತು ಮುಚ್ಚಿಕೊಂಡಿದ್ದರೆ ಚಿಂತೆಯಿಲ್ಲ. ಬಿಸಿನೀರಿನ ಹಬೆ ತಗೊಳ್ಳಿ, ನುಂಗುತ್ತಾ ಇರಿ. ಎರಡು ದಿನಕ್ಕೂ ಬಿಡದಿದ್ದರೆ ಕಿವಿ ವೈದ್ಯರಿಗೆ ತೋರಿಸಿ. ರಕ್ತ ಅಥವಾ ನೀರು ಸೋರುವುದು, ತಲೆ ತಿರುಗುವುದು, ಒಮ್ಮೆಲೇ ಕೇಳಿಸದೇ ಹೋಗುವುದು, ಇವುಗಳಲ್ಲಿ ಒಂದಿದ್ದರೂ ಅದೇ ದಿನ ಹೋಗಿ. ಕಿವಿಗೆ ಬಿಸಿ ಎಣ್ಣೆ ಹಾಕಬೇಡಿ. ತಮಟೆ ಹರಿದಿದ್ದರೆ ಎಣ್ಣೆ ಒಳಗೆ ಹೋಗಿ ಕೀವಾಗುತ್ತದೆ. ನಮ್ಮ ಕಡೆ ಇದು ಕೈಬಿಡದ ಅಭ್ಯಾಸ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ವಿಮಾನದಲ್ಲಿ ನಿಜವಾಗಿಯೂ ಒತ್ತಡದ ದೋಷ ಆಗಿದ್ದರೆ ನಿಲ್ದಾಣದಲ್ಲೇ ವೈದ್ಯರಿಗೆ ತೋರಿಸಿ ಚೀಟಿ ಬರೆಸಿಕೊಳ್ಳಿ. ಬೋರ್ಡಿಂಗ್ ಪಾಸ್ ಇಟ್ಟುಕೊಳ್ಳಿ. ಮೊದಲು ಕಂಪನಿಗೆ ಬರೆಯಿರಿ. ಉತ್ತರ ಬರದಿದ್ದರೆ ಕೇಂದ್ರ ವಿಮಾನಯಾನ ಸಚಿವಾಲಯದ ಏರ್‌ಸೇವಾದಲ್ಲಿ ದೂರು ಕೊಡಬಹುದು.

ಮುಚ್ಚಿದ ಕಿವಿಯಲ್ಲಿ ಮತ್ತೆ ವಿಮಾನ ಹತ್ತಬೇಡಿ. ನನಗೆ ಮುಂಬೈಯ ವೈದ್ಯರು ಹೇಳಿದ್ದೂ ಅದನ್ನೇ. ತಮಟೆ ಒಳಕ್ಕೆ ಎಳೆದುಕೊಂಡಿತ್ತು, ಹರಿದಿರಲಿಲ್ಲ. ವಾಪಸ್ ಟಿಕೆಟ್ ಕ್ಯಾನ್ಸಲ್ ಮಾಡಿ, ಅಮ್ಮನೂ ನಾನೂ ಕೊಂಕಣ ರೈಲಿನಲ್ಲಿ ಮಂಗಳೂರಿಗೆ ಬಂದೆವು. ಅಲ್ಲಿಂದ ಬಸ್ಸು. ಚಾರ್ಮಾಡಿ ಹತ್ತುತ್ತಾ ಹೊರಗಿನ ಗಾಳಿ ತೆಳುವಾಗುತ್ತಾ ಬಂದು ಕಿವಿಯೊಳಗಿನ ಗಾಳಿಗೆ ಸಮ ಆಗಿರಬೇಕು. ಅರ್ಧ ಘಾಟಿ ದಾಟಿದ್ದೆವು. ಎಡಗಿವಿ ಟಪ್ ಅಂತ ಬಿಟ್ಟಿತು. ಮೊದಲು ಕೇಳಿದ್ದು ಬಸ್ಸಿನ ಎಂಜಿನ್ ಸದ್ದು, ಆಮೇಲೆ ಅಮ್ಮ ಎಷ್ಟೋ ಹೊತ್ತಿನಿಂದ ನನ್ನ ಎಡಗಡೆ ಕೂತು ಹೇಳುತ್ತಿದ್ದ ಮಾತು.